ಸುಳಿವು ಇತ್ತು, ದಾರಿ ಇರಲಿಲ್ಲ: ಸಣ್ಣ ದೇಶಗಳು ಮತ್ತು ಭಯೋತ್ಪಾದನೆ

(ಚಿಕ್ಕಮಗಳೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಣ್ಣ ದೇಶ ಎಂದರೆ ಎಷ್ಟು ಸಣ್ಣದು ಎಂಬುದನ್ನು ಮೊದಲು ನಮ್ಮ ಅಳತೆಗೆ ತಂದುಕೊಳ್ಳೋಣ. 2011ರ ಜನಗಣತಿಯಂತೆ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಸುಮಾರು 11 ಲಕ್ಷದ 38 ಸಾವಿರ. ಮಾಲ್ಡೀವ್ಸ್ ಎಂಬ ಇಡೀ ದೇಶದಲ್ಲಿ ಅದರ ಅರ್ಧದಷ್ಟು ಜನರೂ ಇಲ್ಲ. ಸಿಂಗಪುರದ ನೆಲವನ್ನೆಲ್ಲ ಒಟ್ಟುಮಾಡಿದರೆ ನಮ್ಮ ಜಿಲ್ಲೆಯ ಹತ್ತನೆಯ ಒಂದು ಪಾಲು ಆದೀತು. ನಾರ್ವೆ ಮತ್ತು ನ್ಯೂಜಿಲೆಂಡ್ ಭೂಪಟದಲ್ಲಿ ದೊಡ್ಡದಾಗಿ ಕಂಡರೂ ಅಲ್ಲಿರುವ ಜನ ತಲಾ 50 ಲಕ್ಷದ ಆಸುಪಾಸು, ಅಂದರೆ ಬೆಂಗಳೂರು ನಗರಕ್ಕಿಂತಲೂ ಕಡಿಮೆ. ಇಂಥ ಕಡೆ ಒಂದು ದಾಳಿ ನಡೆದರೆ ಅದು ಎಲ್ಲೋ ದೂರದ ಊರಿನ ಸುದ್ದಿಯಾಗಿ ಉಳಿಯುವುದಿಲ್ಲ. 2011ರ ಜುಲೈ 22ರಂದು ನಾರ್ವೆಯಲ್ಲಿ ಸತ್ತವರು 77 ಮಂದಿ. ಕರ್ನಾಟಕದ ಜನಸಂಖ್ಯೆಯ ಲೆಕ್ಕಕ್ಕೆ ತಂದರೆ ಅದು ಒಂದೇ ಮಧ್ಯಾಹ್ನದಲ್ಲಿ ಸಾವಿರದ ಹತ್ತಿರ ಸಾವು.

ದೊಡ್ಡ ದೇಶಗಳಿಗೆ ಸೈನ್ಯವಿದೆ, ಉಪಗ್ರಹಗಳಿವೆ, ಸಾವಿರಾರು ಜನರ ಗುಪ್ತಚರ ಸಂಸ್ಥೆಗಳಿವೆ. ಸಣ್ಣ ದೇಶಗಳಿಗೆ ಅದು ಯಾವುದೂ ಆ ಪ್ರಮಾಣದಲ್ಲಿ ಇಲ್ಲ. ಅದಕ್ಕೆ ಬದಲಾಗಿ ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಆದ್ದರಿಂದ ಅಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಈ ಮಾತು ಅರ್ಧ ಸತ್ಯ. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಸಣ್ಣ ದೇಶಗಳಲ್ಲಿ ನಡೆದ ದೊಡ್ಡ ದಾಳಿಗಳ ತನಿಖಾ ವರದಿಗಳನ್ನು ಓದುತ್ತಾ ಹೋದರೆ, ಬಹುಪಾಲು ಸಂದರ್ಭಗಳಲ್ಲಿ ಯಾರಿಗೋ ಏನೋ ಒಂದಿಷ್ಟು ಗೊತ್ತಿತ್ತು ಎಂಬುದು ಕಾಣಿಸುತ್ತದೆ. ಗೊತ್ತಿದ್ದವರಿಂದ ಏನಾದರೂ ಮಾಡಬಲ್ಲವರ ತನಕ ಆ ಸುಳಿವು ನಡೆದುಹೋಗಲು ದಾರಿ ಇತ್ತೇ, ಆ ದಾರಿಯಲ್ಲಿ ಹೆಜ್ಜೆಯಿಡಲು ಜನರಿಗೆ ಧೈರ್ಯವಿತ್ತೇ ಎಂಬುದೇ ನನ್ನ ಇಂದಿನ ಪ್ರಶ್ನೆ. ದಾಳಿಕೋರರ ಹೆಸರುಗಳನ್ನು ನಾನು ಹೇಳುವುದಿಲ್ಲ. ಅದಕ್ಕೆ ಕಾರಣ ನ್ಯೂಜಿಲೆಂಡಿನ ಪ್ರಸಂಗ ಬಂದಾಗ ನಿಮಗೇ ತಿಳಿಯುತ್ತದೆ.

ನಾರ್ವೆಯ ಪ್ರಕರಣವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಂದು ಮಧ್ಯಾಹ್ನ 3 ಗಂಟೆ 25 ನಿಮಿಷಕ್ಕೆ ಓಸ್ಲೋದ ಸರ್ಕಾರಿ ಕಚೇರಿಗಳ ಮುಂದೆ ನಿಲ್ಲಿಸಿದ್ದ ವ್ಯಾನೊಂದು ಸ್ಫೋಟಗೊಂಡಿತು. 8 ಜನ ಸತ್ತರು. ಕೆಲವೇ ನಿಮಿಷಗಳಲ್ಲಿ ದಾರಿಹೋಕರೊಬ್ಬರು ಪೊಲೀಸರಿಗೆ ಫೋನ್ ಮಾಡಿ, ಪೊಲೀಸ್ ಸಮವಸ್ತ್ರದಲ್ಲಿದ್ದ, ಕೈಯಲ್ಲಿ ಪಿಸ್ತೂಲು ಹಿಡಿದಿದ್ದ ಒಬ್ಬನು ಇನ್ನೊಂದು ಗಾಡಿ ಹತ್ತಿಹೋದುದನ್ನು ಕಂಡೆನೆಂದು ಹೇಳಿ, ಗಾಡಿಯ ನೋಂದಣಿ ಸಂಖ್ಯೆಯನ್ನೂ ಕೊಟ್ಟರು. ಫೋನ್ ಎತ್ತಿದವರು ಅದನ್ನು ಒಂದು ಹಳದಿ ಚೀಟಿಯಲ್ಲಿ ಬರೆದುಕೊಂಡು, ನಿಯಂತ್ರಣ ಕೊಠಡಿಯಲ್ಲಿ ಮೇಲಧಿಕಾರಿಯ ಮೇಜಿನ ಮೇಲೆ ಇಟ್ಟರು. ಆ ಚೀಟಿ ಅಲ್ಲಿ ಸುಮಾರು ಇಪ್ಪತ್ತು ನಿಮಿಷ ಬಿದ್ದಿತ್ತು. ಅಷ್ಟರಲ್ಲಿ ಅವನು ಓಸ್ಲೋದ ವಾಹನ ಸಂದಣಿಯನ್ನು ದಾಟಿ, ಸುಮಾರು 40 ಕಿಲೋಮೀಟರ್ ದೂರದ ಉಟೋಯಾ ದ್ವೀಪದ ಕಡೆಗೆ ಹೊರಟಿದ್ದ. ಅಲ್ಲಿ ಆಡಳಿತ ಪಕ್ಷದ ಯುವ ಘಟಕದ ಬೇಸಿಗೆ ಶಿಬಿರ ನಡೆಯುತ್ತಿತ್ತು. ಐದೂವರೆಯ ಹೊತ್ತಿಗೆ ಗುಂಡು ಹಾರತೊಡಗಿತ್ತು. ಒಂದು ಗಂಟೆಗೂ ಮೀರಿ ನಡೆದ ಆ ಹತ್ಯೆಯಲ್ಲಿ 69 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಹದಿಹರೆಯದವರು.

ಚೀಟಿ ಬರೆದವರನ್ನು ದೂರುವುದು ಸುಲಭ. ಆದರೆ ಸರ್ಕಾರ ನೇಮಿಸಿದ ಆಯೋಗವು 2012ರ ಆಗಸ್ಟಿನಲ್ಲಿ ಕೊಟ್ಟ ವರದಿ ಅಲ್ಲಿಗೆ ನಿಲ್ಲಲಿಲ್ಲ. ಪ್ರಧಾನಿ ಕಚೇರಿಯ ಮುಂದಿನ ಗ್ರುಬ್ಬೆಗಾಟಾ ಎಂಬ ರಸ್ತೆಯನ್ನು ವಾಹನಗಳಿಗೆ ಮುಚ್ಚಬೇಕೆಂಬ ಸಲಹೆ ವರ್ಷಗಳ ಹಿಂದೆಯೇ ಬಂದಿತ್ತು, ತೀರ್ಮಾನವೂ ಆಗಿತ್ತು. ಕಡತ ಮಾತ್ರ ಒಂದು ಇಲಾಖೆಯಿಂದ ಇನ್ನೊಂದಕ್ಕೆ, ಅಲ್ಲಿಂದ ನಗರಸಭೆಗೆ ಅಲೆಯುತ್ತಲೇ ಇತ್ತು. ನಮ್ಮಲ್ಲಿ ತಾಲ್ಲೂಕು ಕಚೇರಿಗೆ ಓಡಾಡಿ ಅಭ್ಯಾಸವಿರುವವರಿಗೆ ಈ ಭಾಗವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅವನು ವಿದೇಶದಿಂದ ತರಿಸಿಕೊಂಡ ರಾಸಾಯನಿಕದ ಬಗ್ಗೆ ಸುಂಕ ಇಲಾಖೆಯವರು ಭದ್ರತಾ ಪೊಲೀಸರಿಗೆ ತಿಂಗಳುಗಳ ಮುಂಚೆಯೇ ಹೆಸರು ಸಮೇತ ಮಾಹಿತಿ ಕಳುಹಿಸಿದ್ದರು; ಅಲ್ಲಿ ಅದು ಪರಿಶೀಲನೆಗೆ ಕಾದು ಕುಳಿತಿತ್ತು. ಅವನು ಒಂದು ಜಮೀನನ್ನು ಗುತ್ತಿಗೆ ಹಿಡಿದು, ರೈತನೆಂದು ನೋಂದಾಯಿಸಿಕೊಂಡು, ಗೊಬ್ಬರದ ಚೀಲಗಳನ್ನು ರಾಜಾರೋಷವಾಗಿ ಕೊಂಡಿದ್ದ. ಮಳೆಗಾಲಕ್ಕೆ ಮುಂಚೆ ನಮ್ಮ ತೋಟಗಳಿಗೆ ಲಾರಿಗಟ್ಟಲೆ ಗೊಬ್ಬರ ಬರುವಾಗ ಯಾರಾದರೂ ತಿರುಗಿ ನೋಡುತ್ತಾರೆಯೇ? ಅಲ್ಲಿಯೂ ಹಾಗೆಯೇ ಆಯಿತು. ಇರುವ ಸಂಪನ್ಮೂಲಗಳು ಒಂದನ್ನೊಂದು ಸೇರಲಿಲ್ಲ ಎಂಬುದು ಆಯೋಗದ ತೀರ್ಮಾನದ ಸಾರ. ರಸ್ತೆ ಮುಚ್ಚುವಂಥ, ಆಗಲೇ ಒಪ್ಪಿಗೆಯಾಗಿದ್ದ ಕ್ರಮಗಳನ್ನು ಜಾರಿಗೆ ತಂದಿದ್ದರೆ ಸರ್ಕಾರಿ ಕಚೇರಿಗಳ ಮೇಲಿನ ದಾಳಿಯನ್ನು ತಡೆಯಬಹುದಿತ್ತು ಎಂದು ಅದು ನೇರವಾಗಿ ಬರೆಯಿತು. ಪೊಲೀಸ್ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ತನ್ನ ಮೇಲೆಯೇ ಇಷ್ಟು ಕಟುವಾದ ವರದಿಯನ್ನು ಒಂದು ಸರ್ಕಾರ ಬರೆಸಿಕೊಂಡು, ಮುಚ್ಚಿಡದೆ ಪ್ರಕಟಿಸಿತಲ್ಲ, ಅದು ನನಗೆ ಅಲ್ಲಿನ ಯಾವ ಭದ್ರತಾ ವ್ಯವಸ್ಥೆಗಿಂತಲೂ ದೊಡ್ಡದಾಗಿ ಕಾಣುತ್ತದೆ.

ನಾರ್ವೆಯಲ್ಲಿ ಮರಣದಂಡನೆ ಇಲ್ಲ. ಅಪರಾಧಿಗೆ ವಿಧಿಸಿದ್ದು 21 ವರ್ಷಗಳ ಬಂಧನ. ಅವನು ಇನ್ನೂ ಅಪಾಯಕಾರಿ ಎಂದು ನ್ಯಾಯಾಲಯಕ್ಕೆ ಕಂಡರೆ ಅದನ್ನು ಮತ್ತೆ ಮತ್ತೆ ವಿಸ್ತರಿಸಬಹುದು. ಇಷ್ಟು ದೊಡ್ಡ ಹತ್ಯೆಯಾದರೂ ಅವನಿಗೆ ಶಿಕ್ಷೆಯಾದದ್ದು ಆಗ ಇದ್ದ ಕಾನೂನಿನಂತೆಯೇ. ಇದು ಸರಿಯೋ ತಪ್ಪೋ ಎಂಬ ಚರ್ಚೆ ನಿಮ್ಮಲ್ಲಿ ನಡೆಯಲಿ, ನಾನು ಮುಂದಕ್ಕೆ ಹೋಗುತ್ತೇನೆ.

2019ರ ಮಾರ್ಚ್ 15, ಶುಕ್ರವಾರ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳಲ್ಲಿ ಪ್ರಾರ್ಥನೆಗೆ ಸೇರಿದ್ದವರ ಮೇಲೆ ಒಬ್ಬನೇ ವ್ಯಕ್ತಿ ಗುಂಡು ಹಾರಿಸಿದ. 51 ಜನ ಸತ್ತರು. ಅವನು ಆಸ್ಟ್ರೇಲಿಯಾದವನು, ಬಿಳಿಯರೇ ಶ್ರೇಷ್ಠರೆಂದು ನಂಬಿದವನು. ನಾಲ್ಕು ದಿನಗಳ ಬಳಿಕ ಪ್ರಧಾನಿ ಜೆಸಿಂಡಾ ಆರ್ಡರ್ನ್ ಅವರು ಸಂಸತ್ತಿನಲ್ಲಿ ನಿಂತು, ಅವನಿಗೆ ಬೇಕಾಗಿದ್ದುದರಲ್ಲಿ ಕುಖ್ಯಾತಿಯೂ ಒಂದು, ಆದ್ದರಿಂದ ತಾನು ಅವನ ಹೆಸರನ್ನು ಎಂದೂ ಉಚ್ಚರಿಸುವುದಿಲ್ಲ ಎಂದರು. ನಾನು ಆ ಪದ್ಧತಿಯನ್ನು ಎಲ್ಲ ದೇಶಗಳ ದಾಳಿಕೋರರಿಗೂ ಅನ್ವಯಿಸಿಕೊಂಡಿದ್ದೇನೆ.

ಅವನಿಗೆ ಬಂದೂಕಿನ ಪರವಾನಗಿ ಸಿಕ್ಕ ಬಗೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕೋವಿಯ ಲೈಸೆನ್ಸ್ ಎಂದರೇನೆಂದು ಮಲೆನಾಡಿನವರಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ಬೆಳೆ ರಕ್ಷಣೆಗೆಂದು ಕೋವಿ ಇಟ್ಟುಕೊಂಡವರು ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಜಮಾ ಮಾಡಿ, ಕಾಡುಹಂದಿ ತೋಟಕ್ಕೆ ನುಗ್ಗಿದಾಗ ಗೊಣಗಿಕೊಳ್ಳುವುದನ್ನು ನಾವೆಲ್ಲ ಕೇಳಿದ್ದೇವೆ. ನ್ಯೂಜಿಲೆಂಡಿನಲ್ಲಿಯೂ ಪರವಾನಗಿ ಕೊಡುವ ಮುನ್ನ ಅರ್ಜಿದಾರನನ್ನು ಬಲ್ಲ ಇಬ್ಬರನ್ನು ಪೊಲೀಸರು ವಿಚಾರಿಸಬೇಕಿತ್ತು. ಒಬ್ಬರು ಹತ್ತಿರದ ಸಂಬಂಧಿಕರಾಗಿರಬೇಕಿತ್ತು. ಇವನ ವಿಷಯದಲ್ಲಿ ಸಂಬಂಧಿಕರ ಬದಲು, ಆನ್‌ಲೈನ್ ಆಟಗಳ ಮೂಲಕ ಪರಿಚಯವಾಗಿದ್ದ ಒಬ್ಬ ಗೆಳೆಯನ ಮಾತನ್ನು ಒಪ್ಪಿಕೊಂಡರು. ಇನ್ನೊಬ್ಬರು ಆ ಗೆಳೆಯನ ಮನೆಯ ಹಿರಿಯರು. ಪರವಾನಗಿ ಸಿಕ್ಕ ಮೇಲೆ, 2018ರ ಜುಲೈಯಲ್ಲಿ, ಮನೆಯಲ್ಲಿ ಬಂದೂಕು ಶುಚಿ ಮಾಡುವಾಗ ಗುಂಡು ಸಿಡಿದು ಅವನಿಗೆ ಗಾಯವಾಗಿತ್ತು. ಅವನು ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಪಡೆದು ಬಂದ. ಆ ಸಂಗತಿ ಪೊಲೀಸರ ಕಿವಿಗೆ ಬೀಳಲಿಲ್ಲ, ಅದನ್ನು ತಿಳಿಸಲೇಬೇಕೆಂಬ ನಿಯಮವೂ ಅಲ್ಲಿರಲಿಲ್ಲ.

ಈ ದಾಳಿಯ ತನಿಖೆಗೆ ಸರ್ಕಾರ ನೇಮಿಸಿದ್ದ ರಾಯಲ್ ಕಮಿಷನ್ನಿನ ವರದಿ 2020ರ ಡಿಸೆಂಬರಿನಲ್ಲಿ ಹೊರಬಂತು. ಆಕಸ್ಮಿಕವಾಗಿ ಅಲ್ಲದೆ ಬೇರೆ ರೀತಿಯಲ್ಲಿ ಅವನ ಸಂಚನ್ನು ಮೊದಲೇ ಪತ್ತೆಹಚ್ಚುವುದು ಸಾಧ್ಯವಿರಲಿಲ್ಲ ಎಂದು ಅದು ಹೇಳಿತು. ಜೊತೆಗೆ, ಪರವಾನಗಿ ಕೊಡುವಲ್ಲಿ ಪೊಲೀಸರು ತಪ್ಪಿದ್ದಾರೆಂದೂ, ಗುಪ್ತಚರ ಸಂಸ್ಥೆಗಳ ಗಮನವೆಲ್ಲ ಇಸ್ಲಾಮಿನ ಹೆಸರಿನ ಉಗ್ರವಾದದ ಮೇಲೆಯೇ ಅತಿಯಾಗಿ ನೆಟ್ಟಿತ್ತೆಂದೂ ಹೇಳಿತು. ಅಲ್ಲಿನ ಮುಸ್ಲಿಂ ಮಹಿಳೆಯರ ಪರಿಷತ್ತಿನವರು ತಮಗೆ ಬರುತ್ತಿರುವ ಬೆದರಿಕೆಗಳ ಬಗ್ಗೆ, ಬೆಳೆಯುತ್ತಿರುವ ದ್ವೇಷದ ಬಗ್ಗೆ ಸರ್ಕಾರದ ಹಲವು ಇಲಾಖೆಗಳ ಬಾಗಿಲು ಬಡಿದಿದ್ದರು. ಸಭೆಗಳು ನಡೆದವು, ಟಿಪ್ಪಣಿಗಳು ಬರೆಯಲ್ಪಟ್ಟವು. ಅದೇ ಸಮುದಾಯದ ಮೇಲೆ ಕಣ್ಣಿಟ್ಟಿದ್ದ ಆಡಳಿತಕ್ಕೆ, ಅದೇ ಸಮುದಾಯದವರು ಆಡುತ್ತಿದ್ದ ಭಯದ ಮಾತು ಸರಿಯಾಗಿ ಕೇಳಿಸಲಿಲ್ಲ. ಯಾರನ್ನು ಶಂಕಿತರೆಂದು ನೋಡುತ್ತೇವೆಯೋ ಅವರು ಬಲಿಪಶುಗಳೂ ಆಗಬಹುದೆಂಬುದು ನಮ್ಮ ತಲೆಗೆ ತಡವಾಗಿ ಹೊಳೆಯುತ್ತದೆ. ಇದು ನ್ಯೂಜಿಲೆಂಡಿಗೆ ಮಾತ್ರ ಸೀಮಿತವಾದ ದೋಷವಲ್ಲ.

ಆ ಮೇಲಿನ ಕೆಲಸ ಮಾತ್ರ ಚುರುಕಾಗಿ ನಡೆಯಿತು. ದಾಳಿಯಾದ 26ನೆಯ ದಿನ, ಏಪ್ರಿಲ್ 10ರಂದು, ಸೇನಾ ಮಾದರಿಯ ಅರೆಸ್ವಯಂಚಾಲಿತ ಬಂದೂಕುಗಳನ್ನು ನಿಷೇಧಿಸುವ ಮಸೂದೆ 119ಕ್ಕೆ 1 ಮತದಿಂದ ಅಂಗೀಕಾರವಾಯಿತು. ವರ್ಷದ ಕೊನೆಯೊಳಗೆ ಐವತ್ತು ಸಾವಿರಕ್ಕೂ ಹೆಚ್ಚು ಬಂದೂಕುಗಳನ್ನು ಸರ್ಕಾರ ಹಣ ಕೊಟ್ಟು ವಾಪಸು ಪಡೆಯಿತು. ಕಾನೂನು ತನ್ನ ಕೈಯಲ್ಲಿದ್ದ ಕಡೆ ಸಣ್ಣ ದೇಶ ಬೇಗ ತಿರುಗಬಲ್ಲದು. ಆದರೆ ದಾಳಿಕೋರ ಹತ್ಯೆಯನ್ನು ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಮಾಡಿದ್ದ. ಮೊದಲ 24 ಗಂಟೆಗಳಲ್ಲಿ ಆ ವಿಡಿಯೊದ 15 ಲಕ್ಷ ಪ್ರತಿಗಳನ್ನು ತೆಗೆದುಹಾಕಿದೆವೆಂದು ಕಂಪನಿಯೇ ಹೇಳಿತು. ಕ್ಯಾಲಿಫೋರ್ನಿಯಾದ ಕಂಪನಿಗೆ 50 ಲಕ್ಷ ಜನರ ದೇಶವೊಂದು ಆಜ್ಞೆ ಮಾಡಿದರೆ ಎಷ್ಟು ನಡೆದೀತು? ಹಾಗಾಗಿ ಆರ್ಡರ್ನ್ ಅವರು ಫ್ರಾನ್ಸಿನ ಅಧ್ಯಕ್ಷರನ್ನು ಜೊತೆ ಮಾಡಿಕೊಂಡು, ಮೇ 15ರಂದು ಪ್ಯಾರಿಸ್ಸಿನಲ್ಲಿ ಹಲವು ಸರ್ಕಾರಗಳನ್ನೂ ದೊಡ್ಡ ತಂತ್ರಜ್ಞಾನ ಕಂಪನಿಗಳನ್ನೂ ಒಂದೇ ಮೇಜಿಗೆ ಕರೆದು, ‘ಕ್ರೈಸ್ಟ್‌ಚರ್ಚ್ ಕಾಲ್’ ಎಂಬ ಒಡಂಬಡಿಕೆಗೆ ಬದ್ಧರಾಗುವಂತೆ ಮಾಡಿದರು. ಅದಕ್ಕೆ ಕಾನೂನಿನ ಬಲವಿಲ್ಲ, ನಿಜ. ಸಣ್ಣ ದೇಶದ ಕೈಯಲ್ಲಿರುವ ಆಯುಧಗಳಲ್ಲಿ ನೈತಿಕ ಒತ್ತಡವೂ ಒಂದು ಎಂಬುದನ್ನು ಅದು ತೋರಿಸಿತು, ಅಷ್ಟೇ.

ಕಣ್ಗಾವಲು ಹೆಚ್ಚಿಸಿದರೆ ಸಾಲದೇ ಎಂದು ಕೇಳುವವರಿಗೆ ಅದೇ ದೇಶದ ಇನ್ನೊಂದು ಪ್ರಕರಣವಿದೆ. ಐಸಿಸ್ ಸಂಘಟನೆಯ ಪ್ರಭಾವಕ್ಕೆ ಒಳಗಾಗಿದ್ದ ಒಬ್ಬನನ್ನು ಪೊಲೀಸರು ವರ್ಷಗಳಿಂದ ಬಲ್ಲವರಾಗಿದ್ದರು. ಅವನು ಚಾಕು ಕೊಂಡಾಗ ಬಂಧಿಸಿ, ಭಯೋತ್ಪಾದನಾ ಕಾನೂನಿನಡಿ ಆರೋಪ ಹೊರಿಸಲು ಹೋದರೆ, ದಾಳಿಗೆ ಯೋಜನೆ ಹಾಕುವುದಷ್ಟೇ ಆ ಕಾನೂನಿನಲ್ಲಿ ಅಪರಾಧವಲ್ಲವೆಂದು ನ್ಯಾಯಾಲಯ ಹೇಳಿತು. 2021ರ ಜುಲೈಯಲ್ಲಿ ಅವನು ಹೊರಬಂದ ಮೇಲೆ ಹಗಲೂ ರಾತ್ರಿ ಶಸ್ತ್ರಸಜ್ಜಿತ ತಂಡ ಅವನ ಹಿಂದೆಯೇ ಇತ್ತು. ಸೆಪ್ಟೆಂಬರ್ 3ರಂದು ಆಕ್ಲೆಂಡಿನ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ಅವನು ಮಾರಾಟಕ್ಕಿಟ್ಟಿದ್ದ ಚಾಕುವನ್ನೇ ಎತ್ತಿಕೊಂಡು ಜನರನ್ನು ಇರಿದ. ಹಿಂಬಾಲಿಸುತ್ತಿದ್ದ ಪೊಲೀಸರು ಕೆಲವೇ ನಿಮಿಷಗಳಲ್ಲಿ ಬಂದು ಅವನನ್ನು ಗುಂಡಿಟ್ಟು ಕೊಂದರೂ ಅಷ್ಟರಲ್ಲಿ ಹಲವರು ಗಾಯಗೊಂಡಿದ್ದರು. ಅದೇ ತಿಂಗಳ ಕೊನೆಗೆ ಸಂಸತ್ತು ಕಾನೂನನ್ನು ತಿದ್ದಿತು. ಒಬ್ಬನ ಮೇಲೆ ಇಷ್ಟು ಮಂದಿಯನ್ನು ಕಾವಲು ಹಾಕಲು ಸಣ್ಣ ದೇಶಕ್ಕೆ ಎಷ್ಟು ದಿನ ಸಾಧ್ಯ? ಹತ್ತು ಜನ ಅಂಥವರಾದರೆ?

ಇನ್ನು ನಮ್ಮ ಪಕ್ಕದ ಶ್ರೀಲಂಕಾ. ಎರಡು ಕೋಟಿ ಮೀರಿದ ಜನರಿರುವುದರಿಂದ ಅದನ್ನು ಸಣ್ಣ ದೇಶವೆನ್ನಬಹುದೇ ಎಂದು ಯಾರಾದರೂ ಆಕ್ಷೇಪಿಸಬಹುದು. ನಮ್ಮ ಪಕ್ಕ ನಿಂತಾಗ ಅದು ಸಣ್ಣದೇ. 2019ರ ಏಪ್ರಿಲ್ 21, ಈಸ್ಟರ್ ಭಾನುವಾರ, ಮೂರು ಚರ್ಚುಗಳಲ್ಲಿ ಮತ್ತು ಕೊಲಂಬೊದ ಮೂರು ಐಷಾರಾಮಿ ಹೋಟೆಲುಗಳಲ್ಲಿ ಆತ್ಮಾಹುತಿ ಬಾಂಬುಗಳು ಸ್ಫೋಟಗೊಂಡು 260ಕ್ಕೂ ಹೆಚ್ಚು ಜನ ಸತ್ತರು. ಇಲ್ಲಿ ಸುಳಿವು ಚೀಟಿಯ ರೂಪದಲ್ಲಿ ಇರಲಿಲ್ಲ. ಭಾರತದ ಗುಪ್ತಚರ ಸಂಸ್ಥೆ ಏಪ್ರಿಲ್ 4ರಂದೇ, ಸಂಚಿನ ನಾಯಕನ ಹೆಸರನ್ನೂ ಚರ್ಚುಗಳೇ ಗುರಿಯೆಂಬುದನ್ನೂ ತಿಳಿಸಿತ್ತು. ಆ ಎಚ್ಚರಿಕೆ ಪೊಲೀಸ್ ಇಲಾಖೆಯೊಳಗೆ ಪತ್ರವಾಗಿ ಓಡಾಡಿತು. ಚರ್ಚಿನ ಪಾದ್ರಿಗಳಿಗೆ ಮುಟ್ಟಲಿಲ್ಲ. ಹಿಂದಿನ ವರ್ಷದ ಅಕ್ಟೋಬರಿನಲ್ಲಿ ಅಧ್ಯಕ್ಷರು ಪ್ರಧಾನಿಯನ್ನು ವಜಾ ಮಾಡಲು ಹೋಗಿ, ಸುಪ್ರೀಂ ಕೋರ್ಟು ಮಧ್ಯೆ ಬಂದು, ಪ್ರಧಾನಿ ಮತ್ತೆ ಕುರ್ಚಿಗೆ ಬಂದಿದ್ದರು. ಅಂದಿನಿಂದ ಭದ್ರತಾ ಮಂಡಳಿಯ ಸಭೆಗೆ ಪ್ರಧಾನಿಗೆ ಕರೆಯೇ ಹೋಗುತ್ತಿರಲಿಲ್ಲ.

ಈ ಜಗಳದ ಕಥೆ ಪತ್ರಿಕೆಗಳಲ್ಲಿ ಸಾಕಷ್ಟು ಬಂದಿದೆ. ಅದಕ್ಕಿಂತ ಕಡಿಮೆ ಬಂದ ಸಂಗತಿಯೊಂದಿದೆ. ಸಂಚಿನ ನಾಯಕ ಪೂರ್ವ ಕರಾವಳಿಯ ಕಾತ್ತಾನ್‌ಕುಡಿ ಎಂಬ ಪಟ್ಟಣದವನು, ಅಲ್ಲಿ ಬೋಧಕನಾಗಿದ್ದವನು. ಅವನ ಬೋಧನೆ ಹಿಂಸೆಗೆ ತಿರುಗುತ್ತಿದೆಯೆಂದು ಮೊದಲು ದೂರು ಕೊಟ್ಟವರು ಅದೇ ಊರಿನ ಮುಸ್ಲಿಮರು. 2017ರಲ್ಲಿ ಅವನ ಗುಂಪಿನವರು ಸೂಫಿ ಪಂಥದವರ ಮೇಲೆ ಕತ್ತಿ ಎತ್ತಿದ ಮೇಲೆ ಅವನು ತಲೆಮರೆಸಿಕೊಂಡ. ದೂರು ಕೊಟ್ಟವರು ಕೊಡುತ್ತಲೇ ಇದ್ದರು. 2019ರ ಜನವರಿಯಲ್ಲಿ ವಾಯವ್ಯ ಪ್ರಾಂತ್ಯದ ವನಾತವಿಲ್ಲುವಿನ ತೆಂಗಿನ ತೋಟವೊಂದರಲ್ಲಿ ಸ್ಫೋಟಕಗಳ ದೊಡ್ಡ ದಾಸ್ತಾನೇ ಸಿಕ್ಕಿತು. ಆದರೂ ಆಗಬಾರದ್ದು ಆಯಿತು. ಆದ ಮೇಲೆ ಏನು ನಡೆಯಿತು? ತುರ್ತು ಪರಿಸ್ಥಿತಿ ಬಂತು, ಮುಖ ಮುಚ್ಚುವ ಉಡುಪಿಗೆ ನಿಷೇಧ ಬಂತು, 1979ರಲ್ಲಿ ತಾತ್ಕಾಲಿಕವೆಂದು ತಂದು ಇಂದಿಗೂ ಉಳಿದಿರುವ ಭಯೋತ್ಪಾದನಾ ತಡೆ ಕಾಯ್ದೆಯಡಿ ಮುಸ್ಲಿಮರ ಬಂಧನಗಳಾದವು, ಮೇ ತಿಂಗಳಲ್ಲಿ ವಾಯವ್ಯ ಭಾಗದ ಊರುಗಳಲ್ಲಿ ಗುಂಪುಗಳು ಮುಸ್ಲಿಮರ ಅಂಗಡಿ, ಮನೆ, ಮಸೀದಿಗಳನ್ನು ಸುಟ್ಟವು. ಠಾಣೆಗೆ ಹೋಗಿ ದೂರು ಕೊಟ್ಟ ಸಮುದಾಯವನ್ನೇ ದೇಶ ಶಿಕ್ಷಿಸಿತು. ಮುಂದಿನ ಸಲ ಕಾತ್ತಾನ್‌ಕುಡಿಯಲ್ಲಿ ಯಾರಿಗಾದರೂ ಏನಾದರೂ ಗೊತ್ತಾದರೆ ಅವರು ಠಾಣೆಯ ಮೆಟ್ಟಿಲು ಹತ್ತುತ್ತಾರೆಯೇ ಎಂದು ಯೋಚಿಸಿ ನೋಡಿ. ನನ್ನ ಇಡೀ ವಾದ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ.

ಒಂದು ನ್ಯಾಯದ ಮಾತನ್ನೂ ಸೇರಿಸಬೇಕು. 2023ರ ಜನವರಿಯಲ್ಲಿ ಶ್ರೀಲಂಕಾದ ಸುಪ್ರೀಂ ಕೋರ್ಟು, ದಾಳಿಯನ್ನು ತಡೆಯಲು ವಿಫಲರಾದುದಕ್ಕೆ ಮಾಜಿ ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ಅವರು ತಮ್ಮ ಸ್ವಂತ ಹಣದಿಂದ 10 ಕೋಟಿ ಶ್ರೀಲಂಕಾ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಪೊಲೀಸ್ ಮತ್ತು ಗುಪ್ತಚರ ಇಲಾಖೆಗಳ ಹಿರಿಯರಿಗೂ ಕೋಟಿಗಟ್ಟಲೆ ದಂಡ ಬಿತ್ತು. ಎಚ್ಚರಿಕೆಯ ಪತ್ರವನ್ನು ಓದಿ ಸುಮ್ಮನಿದ್ದವರಿಂದ ಜೇಬಿನ ಹಣ ಕಕ್ಕಿಸಿದ ನ್ಯಾಯಾಲಯಗಳು ಪ್ರಪಂಚದಲ್ಲಿ ಹೆಚ್ಚಿಲ್ಲ.

ಮಾಲ್ಡೀವ್ಸ್‌ನ ಬಗ್ಗೆ ಎರಡೇ ಮಾತು. ಚಿಕ್ಕದಾಗಿದ್ದ ಮಾತ್ರಕ್ಕೆ ನಂಬಿಕೆ ತಾನಾಗಿ ಹುಟ್ಟುವುದಿಲ್ಲ ಎನ್ನಲು ಅದಕ್ಕಿಂತ ಉದಾಹರಣೆ ಬೇಡ. ಮಾಲೆ ನಗರವನ್ನು ಒಂದು ಗಂಟೆಯಲ್ಲಿ ಕಾಲ್ನಡಿಗೆಯಲ್ಲೇ ಸುತ್ತಿ ಬರಬಹುದು. ಅಲ್ಲಿ ಧಾರ್ಮಿಕ ಉಗ್ರವಾದವನ್ನೂ ರಾಜಕಾರಣಿಗಳನ್ನೂ ಸಮನಾಗಿ ಗೇಲಿ ಮಾಡುತ್ತಿದ್ದ ಬ್ಲಾಗ್ ಬರಹಗಾರ ಯಾಮೀನ್ ರಶೀದ್, ತನಗೆ ಕೊಲೆ ಬೆದರಿಕೆಗಳು ಬರುತ್ತಿವೆಯೆಂದು ಪೊಲೀಸರಿಗೆ ತಿಳಿಸಿದ್ದರು. 2017ರ ಏಪ್ರಿಲಿನಲ್ಲಿ ಅವರನ್ನು ಅವರ ಮನೆಯ ಮಹಡಿ ಮೆಟ್ಟಿಲಲ್ಲೇ ಇರಿದು ಕೊಂದರು. ಗೊತ್ತುಮಾಡಿಕೊಳ್ಳಲು ಮನಸ್ಸಿಲ್ಲದ ಸರ್ಕಾರಕ್ಕೆ ಊರು ಎಷ್ಟು ಚಿಕ್ಕದಾದರೇನು?

ಸಿಂಗಪುರದ್ದು ಬೇರೆಯೇ ದಾರಿ. ಅದನ್ನು ಹೊಗಳುವವರೂ ತೆಗಳುವವರೂ ಸ್ವಲ್ಪ ಅತಿ ಮಾಡುತ್ತಾರೆಂದು ನನ್ನ ಅನಿಸಿಕೆ. 2001ರ ಸೆಪ್ಟೆಂಬರ್ 11ರ ಬಳಿಕ, ಅಲ್‌ಖೈದಾದ ನಂಟು ತನಗಿದೆಯೆಂದು ಕೊಚ್ಚಿಕೊಳ್ಳುತ್ತಿದ್ದ ಒಬ್ಬನ ಬಗ್ಗೆ ಸಾಮಾನ್ಯ ನಾಗರಿಕರೊಬ್ಬರು ಆಂತರಿಕ ಭದ್ರತಾ ಇಲಾಖೆಗೆ ತಿಳಿಸಿದರು. ಆ ಒಂದು ಎಳೆಯನ್ನು ಹಿಡಿದು ಹೋದಾಗ ಜೆಮಾ ಇಸ್ಲಾಮಿಯಾ ಎಂಬ ಸಂಘಟನೆಯ ಜಾಲವೇ ಬಯಲಾಯಿತು, ಡಿಸೆಂಬರಿನಲ್ಲಿ ಬಂಧನಗಳಾದವು. ಬಂಧಿತರು ಉದ್ಯೋಗ, ಸಂಸಾರ ಇದ್ದ, ಅಕ್ಕಪಕ್ಕದವರಿಗೆ ಸಭ್ಯರೆಂದೇ ಕಂಡಿದ್ದ ಜನ. ಸರ್ಕಾರ ಅವರನ್ನು ಆಂತರಿಕ ಭದ್ರತಾ ಕಾಯ್ದೆಯಡಿ ವಿಚಾರಣೆಯಿಲ್ಲದೆ ಬಂಧನದಲ್ಲಿಟ್ಟಿತು. ಈ ಭಾಗವನ್ನು ನಾನು ಒಪ್ಪುವುದಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಮೀಸಾ ಕಾಯ್ದೆಯನ್ನು ಕಂಡ ನಮ್ಮ ಪೀಳಿಗೆಗೆ, ವಿಚಾರಣೆಯಿಲ್ಲದ ಬಂಧನ ಯಾರ ಯಾರ ಮೇಲೆ ಬಳಕೆಯಾಗಬಲ್ಲದೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಸಿಂಗಪುರದಲ್ಲಿಯೇ ಈ ಕಾಯ್ದೆಯನ್ನು ಹಿಂದೆ ರಾಜಕೀಯ ವಿರೋಧಿಗಳ ಮೇಲೂ ಬಳಸಲಾಗಿತ್ತು.

ಆದರೆ ಬಂಧನದ ನಂತರ ಅಲ್ಲಿ ನಡೆದುದನ್ನು ಗಮನಿಸಬೇಕು. ಬಂಧಿತರ ಜೊತೆ ಮಾತನಾಡಲು ಪೊಲೀಸರಿಂದ ಆಗುವುದಿಲ್ಲ, ಧರ್ಮಶಾಸ್ತ್ರ ಬಲ್ಲವರೇ ಬೇಕೆಂದು ಅರಿತು, 2003ರಲ್ಲಿ ಅಲ್ಲಿನ ಮುಸ್ಲಿಂ ವಿದ್ವಾಂಸರು ಸ್ವಯಂಸೇವಕರಾಗಿ ಒಂದು ಧಾರ್ಮಿಕ ಪುನರ್ವಸತಿ ತಂಡ ಕಟ್ಟಿದರು. ಜಿಹಾದ್ ಎಂದರೇನು, ಅನ್ಯಧರ್ಮೀಯರ ಸರ್ಕಾರಕ್ಕೆ ನಿಷ್ಠೆ ಸಲ್ಲುತ್ತದೆಯೇ, ನಾಯಕನಿಗೆ ಮಾಡಿದ ಪ್ರಮಾಣವನ್ನು ಮುರಿಯಬಹುದೇ ಎಂಬಂಥ ಪ್ರಶ್ನೆಗಳನ್ನು ಹಿಡಿದು ಅವರು ಜೈಲಿನಲ್ಲಿ ಒಬ್ಬೊಬ್ಬರ ಎದುರೂ ಕುಳಿತರು. ಮೊದಮೊದಲು ಬಂಧಿತರು ಅವರನ್ನು ಸರ್ಕಾರದ ಬಾಲಬಡುಕರೆಂದರು. ವರ್ಷಗಟ್ಟಲೆ ಕುಳಿತ ಮೇಲೆ ಹಲವರು ಬದಲಾದರು, ಕೆಲವರು ಬದಲಾಗಲಿಲ್ಲ. ಹೊರಗೆ ಇನ್ನೊಂದು ಗುಂಪು ಬಂಧಿತರ ಮನೆಗಳಿಗೆ ಹೋಗುತ್ತಿತ್ತು: ಹೆಂಡತಿಗೆ ಕೆಲಸ ಹುಡುಕಿಕೊಡುವುದು, ಮಕ್ಕಳ ಶಾಲೆಯ ಖರ್ಚು ನೋಡಿಕೊಳ್ಳುವುದು, ಅಪ್ಪ ಜೈಲಿನಲ್ಲಿದ್ದಾನೆಂಬ ಕಾರಣಕ್ಕೆ ಮಗು ಶಾಲೆ ಬಿಡದಂತೆ ತಡೆಯುವುದು. ಹಾಗೆ ನೋಡಿಕೊಳ್ಳದೆ ಕೈಬಿಟ್ಟ ಮನೆಯ ಮಗನೇ ಇಪ್ಪತ್ತು ವರ್ಷಗಳ ಮೇಲೆ ಮತ್ತೊಂದು ಜಾಲಕ್ಕೆ ಸಿಗುತ್ತಾನೆಂಬುದು ಅವರ ಲೆಕ್ಕ.

ಈ ವ್ಯವಸ್ಥೆಗೆ 2020ರ ಡಿಸೆಂಬರಿನಲ್ಲಿ ಅನಿರೀಕ್ಷಿತ ಪರೀಕ್ಷೆ ಬಂತು. ಬಂಧಿತನಾದವನು 16 ವರ್ಷದ ಹುಡುಗ, ಭಾರತೀಯ ಮೂಲದವನು, ಪ್ರಾಟೆಸ್ಟೆಂಟ್ ಕ್ರೈಸ್ತ. ಕ್ರೈಸ್ಟ್‌ಚರ್ಚ್ ಹತ್ಯೆಯ ವಿಡಿಯೊ ನೋಡಿ, ಅದರ ಎರಡನೆಯ ವರ್ಷದ ದಿನವೇ ಸಿಂಗಪುರದ ಎರಡು ಮಸೀದಿಗಳ ಮೇಲೆ ದಾಳಿ ಮಾಡಲು ಅವನು ಯೋಜನೆ ಹಾಕಿದ್ದ. ನ್ಯೂಜಿಲೆಂಡಿನ ನೇರಪ್ರಸಾರ ಎಷ್ಟು ದೂರ ತಲುಪಿತೆಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ. ಇಪ್ಪತ್ತು ವರ್ಷ ಒಂದೇ ಬಗೆಯ ಉಗ್ರವಾದಕ್ಕೆ ಹದಗೊಳಿಸಿದ್ದ ವ್ಯವಸ್ಥೆಯನ್ನು ಇನ್ನೊಂದು ಬಗೆಗೆ ಒಗ್ಗಿಸಿಕೊಳ್ಳಬೇಕಾಯಿತು. ಆ ಹುಡುಗ 2024ರ ಜನವರಿಯಲ್ಲಿ ನಿರ್ಬಂಧಗಳೊಂದಿಗೆ ಬಿಡುಗಡೆಯಾದ.

ಡೆನ್ಮಾರ್ಕಿನ ಓರ್ಹುಸ್ ನಗರದಲ್ಲಿ ವಿಚಾರಣೆಯಿಲ್ಲದ ಬಂಧನದ ನೆರವಿಲ್ಲದೆಯೇ ಇಂಥ ಕೆಲಸ ನಡೆದಿದೆ. ಅಲ್ಲಿ ಬಹುಕಾಲದಿಂದ ಶಾಲೆ, ಸಮಾಜ ಕಲ್ಯಾಣ ಇಲಾಖೆ ಮತ್ತು ಪೊಲೀಸರು ಸೇರಿ ದಾರಿತಪ್ಪಿದ ಹುಡುಗರನ್ನು ನೋಡಿಕೊಳ್ಳುವ ಪದ್ಧತಿ ಇತ್ತು. ಮಾದಕ ವಸ್ತು, ಸಣ್ಣ ಕಳ್ಳತನ ಇಂಥವಕ್ಕೆ. ಅದನ್ನೇ ಉಗ್ರವಾದಕ್ಕೂ ವಿಸ್ತರಿಸಿದರು. ಮಗ ಇದ್ದಕ್ಕಿದ್ದಂತೆ ಗೆಳೆಯರನ್ನು ಬಿಟ್ಟ, ತಂಗಿ ಸಂಗೀತ ಕೇಳಿದರೆ ಸಿಡುಕುತ್ತಾನೆ, ಸಿರಿಯಾದ ವಿಡಿಯೊಗಳನ್ನೇ ನೋಡುತ್ತಾನೆ ಎಂದು ತಾಯಿಯೊಬ್ಬಳು ಫೋನ್ ಮಾಡಿದರೆ, ಮನೆಗೆ ಜೀಪು ಬರುವುದಿಲ್ಲ. ವಿಷಯ ತಿಳಿದ ಅಧಿಕಾರಿ ಅವಳ ಜೊತೆ ಮಾತನಾಡುತ್ತಾನೆ, ಹುಡುಗ ಒಪ್ಪಿದರೆ ಅವನಿಗೊಬ್ಬ ಹಿರಿಯ ಮಾರ್ಗದರ್ಶಕ ಸಿಗುತ್ತಾನೆ, ಓದು ಅಥವಾ ಕೆಲಸದ ಏರ್ಪಾಟಾಗುತ್ತದೆ. 2013ರ ತನಕ ಆ ನಗರದಿಂದ ಸುಮಾರು 30 ಯುವಕರು ಸಿರಿಯಾಗೆ ಹೋಗಿದ್ದರು. 2014ರಲ್ಲಿ ಹೋದವನು ಒಬ್ಬನೇ. ಈ ಇಳಿಕೆಯ ಶ್ರೇಯಸ್ಸನ್ನೆಲ್ಲ ಇದೊಂದೇ ಪದ್ಧತಿಗೆ ಕಟ್ಟುವುದು ಸರಿಯಲ್ಲ. ಅಷ್ಟರಲ್ಲಿ ಸಿರಿಯಾದ ಸ್ಥಿತಿಯೂ ಬದಲಾಗಿತ್ತು. ಮಗನ ಬಗ್ಗೆ ಪೊಲೀಸರಿಗೆ ತಾಯಿಯೇ ಫೋನ್ ಮಾಡುವಂತಾಯಿತಲ್ಲ, ನಾನು ಬೆಲೆ ಕೊಡುವುದು ಅದಕ್ಕೆ. ಮಗನ ಬದುಕು ಹಾಳಾಗುವುದಿಲ್ಲವೆಂಬ ಭರವಸೆ ಇಲ್ಲದಿದ್ದರೆ ಯಾವ ದೇಶದ ತಾಯಿ ತಾನೇ ಹಾಗೆ ಮಾಡಿಯಾಳು?

ಇದನ್ನು ಕೇಳುವಾಗ ನಿಮ್ಮಲ್ಲಿ ಹಲವರಿಗೆ ನಮ್ಮ ಕಾಡಿನ ಸಂಗತಿಗಳು ನೆನಪಾಗಿರಬೇಕು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ಎತ್ತಂಗಡಿಯ ಭಯ ಕವಿದಿದ್ದ ಹಾಡಿಗಳಲ್ಲಿ ನಕ್ಸಲ್ ಚಳವಳಿ ಬೇರುಬಿಟ್ಟ ಕಾಲ, 2005ರ ಫೆಬ್ರವರಿಯಲ್ಲಿ ಅದರ ನಾಯಕ ಇದೇ ಜಿಲ್ಲೆಯಲ್ಲಿ ಎನ್‌ಕೌಂಟರಿನಲ್ಲಿ ಸತ್ತುದು, ಆಮೇಲಿನ ಕೂಂಬಿಂಗ್ ವರ್ಷಗಳು. ರಾತ್ರಿ ಬಂದೂಕು ಹಿಡಿದು ಬಂದವರಿಗೆ ಅನ್ನ ಹಾಕಿದರೆ ಬೆಳಗ್ಗೆ ಪೊಲೀಸರು, ಹಾಕದಿದ್ದರೆ ರಾತ್ರಿ ಬಂದವರೇ. ಸುಳಿವು ಕೊಡುವುದೆಂದರೆ ಒಂಟಿ ಮನೆಯವರ ಪಾಲಿಗೆ ಏನೆಂದು ಕಳಸ, ಶೃಂಗೇರಿ, ಕೊಪ್ಪದ ಕಡೆಯವರು ನನಗಿಂತ ಚೆನ್ನಾಗಿ ಹೇಳಬಲ್ಲರು. 2025ರ ಜನವರಿ 8ರಂದು ಆರು ಮಂದಿ ಶರಣಾದಾಗ ಅವರ ತನಕ ಮಾತನ್ನು ಕೊಂಡೊಯ್ದವರು ಸರ್ಕಾರದ ಶರಣಾಗತಿ ಸಮಿತಿಯವರು ಮತ್ತು ಶಾಂತಿಗಾಗಿ ನಾಗರಿಕ ವೇದಿಕೆಯವರು. ಕಾಡಿನಲ್ಲಿದ್ದವರು ಆ ಜನರನ್ನು ನಂಬಿದರು. ಇಪ್ಪತ್ತು ವರ್ಷ ಕೂಂಬಿಂಗ್ ನಡೆದ ಕಾಡಿನಿಂದ ಕೊನೆಗೆ ಅವರು ಹೊರಬಂದದ್ದು ಮಾತಿನ ದಾರಿಯಲ್ಲಿ. ಹಾಡಿಗಳವರ ಜಮೀನಿನ ಪ್ರಶ್ನೆ ಇತ್ಯರ್ಥವಾಯಿತೇ ಎಂದು ಕೇಳುವ ಹಕ್ಕು ನಮಗಿದೆ, ಕೇಳುತ್ತಲೂ ಇರಬೇಕು. ಹಿಂಸೆಯನ್ನು ಖಂಡಿಸುವುದಕ್ಕೂ ಹಿಂಸೆಗೆ ನೆಲ ಹದಮಾಡಿದ ಅನ್ಯಾಯವನ್ನು ಕೇಳುವುದಕ್ಕೂ ವಿರೋಧವೇನಿಲ್ಲ.

ಕೊನೆಯ ಉದಾಹರಣೆ ಕೊಸೊವೊ. ಯುರೋಪಿನ ಬಡ ದೇಶಗಳಲ್ಲೊಂದು, ಜನಸಂಖ್ಯೆ 20 ಲಕ್ಷದೊಳಗೆ. ಅಲ್ಲಿಂದ ಸಿರಿಯಾ ಮತ್ತು ಇರಾಕಿಗೆ ಹೋದವರ ಪ್ರಮಾಣ ಅದರ ಗಾತ್ರಕ್ಕೆ ಬಹಳ ಹೆಚ್ಚಾಗಿತ್ತು. ಐಸಿಸ್ ನೆಲ ಕಳೆದುಕೊಂಡ ಮೇಲೆ, 2019ರ ಏಪ್ರಿಲಿನಲ್ಲಿ, ಆ ದೇಶ ಒಂದೇ ವಿಮಾನದಲ್ಲಿ ತನ್ನ 110 ಮಂದಿಯನ್ನು ಮರಳಿ ಕರೆತಂದಿತು: 74 ಮಕ್ಕಳು, 32 ಮಹಿಳೆಯರು, 4 ಗಂಡಸರು. ಗಂಡಸರನ್ನು ನೇರವಾಗಿ ಬಂಧಿಸಿದರು. ಮಹಿಳೆಯರನ್ನು ಗೃಹಬಂಧನದಲ್ಲಿಟ್ಟು ಒಬ್ಬೊಬ್ಬರನ್ನಾಗಿ ವಿಚಾರಣೆಗೆ ಒಳಪಡಿಸಿದರು. ತಪ್ಪೊಪ್ಪಿಕೊಂಡ ಹೆಚ್ಚಿನವರಿಗೆ ಜೈಲಿಗೆ ಕಳಿಸದೆ ಷರತ್ತಿನ ಶಿಕ್ಷೆ ಕೊಟ್ಟರು. ಮಕ್ಕಳನ್ನು ಮನೋವೈದ್ಯರು ನೋಡಿದರು. ಯುದ್ಧಭೂಮಿಯಲ್ಲಿ ಹುಟ್ಟಿದ್ದ ಮಕ್ಕಳಿಗೆ ಹೆಸರು ನೋಂದಾಯಿಸಿ ಕಾಗದಪತ್ರ ಮಾಡಿಸಬೇಕಿತ್ತು, ಶಾಲೆಗೆ ಸೇರಿಸುವ ಮುಂಚೆ ಭಾಷೆ ಕಲಿಸಬೇಕಿತ್ತು, ಅಜ್ಜ ಅಜ್ಜಿಯರ ಮನೆಗಳಿಗೆ ಹೋಗಿ ನೆರೆಹೊರೆಯವರನ್ನು ಒಪ್ಪಿಸಬೇಕಿತ್ತು. ಆ ಹೊತ್ತಿನಲ್ಲಿ ಕೊಸೊವೊಗಿಂತ ಎಷ್ಟೋ ಪಟ್ಟು ಸಿರಿವಂತವಾದ ಯುರೋಪಿನ ಹಲವು ದೇಶಗಳು, ತಮ್ಮದೇ ಪ್ರಜೆಗಳ ಮಕ್ಕಳನ್ನು ಈಶಾನ್ಯ ಸಿರಿಯಾದ ಅಲ್-ಹೋಲ್ ಶಿಬಿರದ ಡೇರೆಗಳಲ್ಲಿ ಬಿಟ್ಟು, ಕರೆತರಬೇಕೇ ಬೇಡವೇ ಎಂದು ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ವಾದಿಸುತ್ತಿದ್ದವು.